ಖತಿಜಾಬಿಯ ಮೆಂತೆ

॥ ಶ್ರೀ ॥
ಬೈಲಹೊಂಗಲ
ತಾ. 24-11-1953

ಪ್ರಿಯ ಮಿತ್ರ ಬಾಳಕೃಷ್ಣನಿಗೆ,

ರಘೋತ್ತಮನ ನಮಸ್ಕಾರ. ನಾವಿಲ್ಲಿ ಸುಖವಾಗಿದ್ದೇವೆ. ರಾಮದುರ್ಗದಲ್ಲಿ ನೀನೂ ಗಂಗೂಬಾಯಿ ವೈನಿಯೂ ಮಕ್ಕಳೂ ಹಾಗೆಯೇ ಇದ್ದೀರಿ ಎಂದು ನಂಬಿದ್ದೇನೆ. ನಿನ್ನ ಪತ್ರ ದೀಪಾವಳಿಗಿಂತ ಮುಂಚೆಯೇ ಬಂತು. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳಬೇಕು, ಕೇಳುತ್ತೇನೆ. ಆದರೆ ತಪ್ಪು ನನ್ನೊಬ್ಬನದೇ ಅಲ್ಲ. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ಸಿಟ್ಟು ಬಂದು ಎದ್ದುಬಿಟ್ಟೆ. ನೀನು ಏನು ಬರೆದಿದ್ದೆ ಎಂದು ನಿನಗೇ ನೆನಪಿರಲಿಕ್ಕಿಲ್ಲ. ಎರಡು ಪುಟ ನಿನ್ನ ಮೊಣಕಾಲು ನೋವಿನ ವರ್ಣನೆ. ಕೊನೆಗೆ ಎರಡೇ ಸಾಲು: "ನಿಮ್ಮೂರಲ್ಲಿ ಖತಿಜಾಬಿ ಅಂತ ಒಬ್ಬಾಕೆ ಇದ್ದಾಳಂತೆ. ಆಕೆಯ ಮೆಂತೆಪುಡಿ ಮೊಣಕಾಲಿಗೆ ಬಹಳ ಚಲೋ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ, ಒಂದು ಶೇರು ಕೊಂಡು ಕಳಿಸು."

ಬಾಳೂ, ನನ್ನ ಅಪ್ಪನ ಪಡಸಾಲೆಯಲ್ಲಿ ನೀನೂ ನಾನೂ ಒಂದೇ ಚಾಪೆಯ ಮೇಲೆ ಕೂತು ವೈದ್ಯ ಕಲಿತವರು. ನೀನು ಕಷಾಯದ ವಾಸನೆ ತಾಳಲಾರದೆ ಎಂಟೇ ತಿಂಗಳಿಗೆ ಓಡಿಹೋಗಿ ಸಾಲಿ ಮಾಸ್ತರನಾದೆ, ಅದು ಬೇರೆ ಮಾತು. ಮೊಣಕಾಲು ನೋವಾದರೆ ನೀನು ಔಷಧ ಕೇಳಬೇಕಾದದ್ದು ಯಾರನ್ನು? ನನ್ನನ್ನು ಬಿಟ್ಟು, ಸಂತೆಯಲ್ಲಿ ಸೊಪ್ಪು-ಪಲ್ಲೆ ಮಾರುವವಳ ಪುಡಿಯನ್ನು ಕೇಳಿದ್ದಲ್ಲದೆ, ಅದನ್ನು ನನ್ನ ಕೈಯಿಂದಲೇ ಕೊಳ್ಳಿಸಬೇಕೆಂದಿದ್ದೀಯಲ್ಲ! ಮೂವತ್ತೈದು ವರ್ಷ ಈ ಊರಲ್ಲಿ ಪಂಡಿತ ಅನಿಸಿಕೊಂಡವನು ಸಂತೆಯಲ್ಲಿ ಚೀಲ ಹಿಡಿದು ಆಕೆಯ ಮುಂದೆ ನಿಲ್ಲಬೇಕೋ?

ಮೆಂತೆಯ ಗುಣ ನನಗೆ ಗೊತ್ತಿಲ್ಲವೇ? ಮೇಥಿಕಾ ಎಂದು ನಾವಿಬ್ಬರೂ ಕೂಡಿಯೇ ಬಾಯಿಪಾಠ ಮಾಡಿದ್ದು. ಕಹಿ, ಉಷ್ಣ, ವಾತವನ್ನು ಇಳಿಸುತ್ತದೆ. ಹಸಿವು ಹುಟ್ಟಿಸುತ್ತದೆ, ಬಾಣಂತಿಗೆ ಹಾಲು ತರಿಸುತ್ತದೆ, ಅರೆದು ಕಟ್ಟಿದರೆ ಬಾವು ಇಳಿಯುತ್ತದೆ, ನೆನೆಸಿ ಮಜ್ಜಿಗೆಯಲ್ಲಿ ಕೊಟ್ಟರೆ ಹೊಟ್ಟೆ ಕಡಿತ ನಿಲ್ಲುತ್ತದೆ. ಇದೆಲ್ಲ ಅಡಿಗೆಮನೆಯ ಔಷಧ, ಇದಕ್ಕೆ ಪಂಡಿತ ಯಾಕೆ ಬೇಕು ಅಂತ ನಾನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಆಕೆ ಹೇಳಿದಳು. ಅಷ್ಟೇ ವ್ಯತ್ಯಾಸ.

ಆಕೆ ಯಾರು ಅಂತ ಕೇಳುತ್ತೀಯಾ? ಟಾಂಗಾ ಹೊಡೆಯುತ್ತಿದ್ದ ಖಾಸಿಮಸಾಬನ ಹೆಂಡತಿ. ಆತ ತೀರಿಕೊಂಡ ಮೇಲೆ ಈಕೆ ನಮ್ಮ ಮನೆಯ ಎದುರಿನ ಬೇವಿನ ಗಿಡದ ಕೆಳಗೆ ಸಂತೆಯ ದಿನ ಗೋಣಿಚೀಲ ಹಾಸಿ ಕೂಡಲು ಸುರು ಮಾಡಿದಳು. ಮೂರು ಬುಟ್ಟಿ. ಒಂದರಲ್ಲಿ ಮೆಂತೆ ಪಲ್ಲೆ, ಒಂದರಲ್ಲಿ ಕಾಳು, ಒಂದರಲ್ಲಿ ಹುರಿದು ಬೀಸಿದ ಪುಡಿ. ಪುಡಿಯನ್ನು ನೀಲಿ ಅರಿವೆಯ ಚೂರಿನಲ್ಲಿ ಗಂಟು ಕಟ್ಟಿ ಕೊಡುತ್ತಾಳೆ. ಊರಲ್ಲಿ ಇಷ್ಟೆಲ್ಲ ಜಾಗ ಇರುವಾಗ ನನ್ನ ಕಟ್ಟೆಯ ಎದುರಿಗೇ ಆಕೆ ಕೂಡಬೇಕೇ? ಹೋದ ಸಂತೆಗೆ ನಾನು ಕಟ್ಟೆಯ ಮೇಲೆ ಕೂತು ಎಣಿಸಿದೆ. ಆಕೆಯ ಮುಂದೆ ಹತ್ತೊಂಬತ್ತು ಜನ, ನನ್ನ ಮುಂದೆ ನಾಲ್ಕು. ಆ ನಾಲ್ವರಲ್ಲಿ ಒಬ್ಬ ಬೇವಿನ ಗಿಡದ ಕೆಳಗೆ ನೆರಳು ಸಿಗಲಿಲ್ಲ ಅಂತ ಬಂದವನು.

ನೇಸರಗಿಯ ಭರಮಪ್ಪ ನಿನಗೆ ಗೊತ್ತು, ಅಪ್ಪನ ಕಾಲದಿಂದ ನಮ್ಮ ಮನೆಗೆ ಬರುವ ಒಕ್ಕಲಿಗ. ಹೊಟ್ಟೆ ನೋವೆಂದು ನನ್ನ ಹತ್ತಿರ ಮೂರು ವಾರ ಔಷಧ ತಗೊಂಡ. ನಾಲ್ಕನೆಯ ವಾರ ನನ್ನೆದುರಿಗೇ ಆಕೆಯ ಚೀಲದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮುಂದಿನ ಸಂತೆಗೆ ಹಲ್ಲು ಕಿರಿಯುತ್ತ ನನ್ನ ಕಟ್ಟೆಗೆ ಬಂದು ಹೇಳಿದ: "ನಿಮ್ಮ ಪುಡಿ ಚಲೋ ಅದಾವ್ರಿ ಪಂಡಿತರ, ಇಲ್ಲ ಅನ್ನಂಗಿಲ್ಲ. ಆದ್ರ ಆಕಿ ಒಂದು ಮಾತು ಕೇಳಿದಳ್ರಿ, ನಿನ್ನಿ ಏನ್ ಉಂಡಿ, ಮೊನ್ನಿ ಏನ್ ಉಂಡಿ ಅಂತ. ಬರೇ ಹಸಿ ಖಾರ ತಿನ್ನಾಕ ಹತ್ತೇನಿ ಅಂದೆ. ಮಜ್ಜಿಗ್ಯಾಗ ಮೆಂತೆ ನೆನಿಸಿ ಕುಡಿ, ಖಾರ ಬಿಡು ಅಂದಳು. ಆರಾಮ ಆತ್ರಿ."

ಇದೇ ಆಕೆಯ ವಿದ್ಯೆ. ಕೇಳುತ್ತಾಳೆ! ನಿನ್ನೆ ಏನು ಉಂಡಿ, ಯಾರು ಮಾಡಿದ್ದರು, ನಿದ್ದೆ ಬಂತೇ, ಸೊಸೆ ಸಂಗಡ ಜಗಳ ಆಯಿತೇ. ನಮ್ಮ ಮನೆತನದಲ್ಲಿ ರೋಗಿ ಬಾಯಿ ತೆರೆಯುವಂತಿಲ್ಲ. ಅಪ್ಪ ಹೇಗೆ ಮಾಡುತ್ತಿದ್ದರು, ನೆನಪಿದೆಯಲ್ಲ? ಗಂಡಸಿನ ಬಲಗೈ, ಹೆಂಗಸಿನ ಎಡಗೈ, ಮೂರು ಬೆರಳು, ಕಣ್ಣು ಮುಚ್ಚಿ ಇಪ್ಪತ್ತು ಉಸಿರು. ಆಮೇಲೆ ರೋಗವನ್ನು ರೋಗಿಗೆ ಅವರೇ ಹೇಳುತ್ತಿದ್ದರು. ನಾನೂ ಹಾಗೆಯೇ ನಡೆಸಿಕೊಂಡು ಬಂದಿದ್ದೇನೆ. ಈಗೀಗ ಸ್ವಲ್ಪ ಒತ್ತಿ ಹಿಡಿಯಬೇಕಾಗುತ್ತದೆ. ವನಸ್ಪತಿ ತುಪ್ಪ, ರೇಶನ್ನಿನ ಕಾಳು ತಿಂದು ಜನರ ನಾಡಿಯೇ ಸಣ್ಣದಾಗಿ ಹೋಗಿದೆ.

ನನಗೆ ಹೊಟ್ಟೆಕಿಚ್ಚು ಅಂತ ನೀನು ನಗುತ್ತಿರಬೇಕು. ಹೌದು, ಹೊಟ್ಟೆಕಿಚ್ಚೇ. ನಿನ್ನ ಮುಂದೆ ಮುಚ್ಚಿಟ್ಟುಕೊಂಡು ಏನು ಮಾಡಲಿ? ಆದರೆ ಭರಮಪ್ಪ ಹೋದ, ಹೋಗಲಿ. ನಿಜವಾಗಿ ನನ್ನ ಹೊಟ್ಟೆಯೊಳಗೆ ಬೆಂಕಿ ಹಾಕಿದವಳು ನನ್ನ ಹೆಂಡತಿ, ನಿನ್ನ ಯಮುನಾ ವೈನಿ.

ಹೋದ ತಿಂಗಳು ಜೋಳದ ಡಬ್ಬಿಯ ಹಿಂದೆ ಏನೋ ಹುಡುಕುತ್ತಿದ್ದೆ. ಒಂದು ಗಂಟು ಸಿಕ್ಕಿತು. ನೀಲಿ ಅರಿವೆ. ಪಂಡಿತ ರಘೋತ್ತಮಾಚಾರ್ಯರ ಮನೆಯಲ್ಲಿ, ಪಂಡಿತರ ಹೆಂಡತಿಯ ಡಬ್ಬಿಯ ಹಿಂದೆ, ಖತಿಜಾಬಿಯ ಮೆಂತೆಪುಡಿ! "ಇದೇನಿದು?" ಅಂದೆ. "ಮೆಂತೆರೀ, ಅಡಿಗಿಗೆ," ಅಂದಳು ಯಮುನಾ. ನನ್ನ ಮುಖ ನೋಡಲಿಲ್ಲ. ಅಂದಿನಿಂದ ಗಮನಿಸುತ್ತಿದ್ದೇನೆ. ಪ್ರತಿ ಸಂತೆಗೆ ಪಲ್ಲೆ ತರಲು ಹೋದವಳು ಒಂದು ತಾಸು ಬರುವುದಿಲ್ಲ. ಬಂದ ಮೇಲೆ ತಾಟಿನ ತುಂಬ ಮೆಂತೆ. ಮುಂಜಾನೆ ಮೆಂತೆ ಹಿಟ್ಟು, ಮಧ್ಯಾಹ್ನ ಮೆಂತೆ ಪಲ್ಲೆ, ಸಂಜೆ ರೊಟ್ಟಿಯ ಹಿಟ್ಟಿನಲ್ಲೂ ಮೆಂತೆ. ಖತಿಜಾಬಿಯ ಬುಟ್ಟಿಯಲ್ಲಿ ಉಳಿದದ್ದೆಲ್ಲ ನನ್ನ ತಾಟಿಗೆ. ಸಿಹಿ ಮಾತ್ರ ಮರೆತೇ ಹೋಗಿದೆ. ಮಗಳು ಸವದತ್ತಿಯಿಂದ ಹಬ್ಬಕ್ಕೆ ಬಂದಾಗ ಯಮುನಾ ಹೋಳಿಗೆ ಮಾಡಿದಳು, ಅಳಿಯನಿಗೆ ಐದು, ನನಗೆ ಅರ್ಧ. ಕೇಳಿದರೆ "ನಿಮಗ ಜೀರ್ಣ ಆಗೂದಿಲ್ಲ" ಅನ್ನುತ್ತಾಳೆ. ಜೀರ್ಣದ ಮಾತು ನನಗೆ ಹೇಳುತ್ತಾಳೆ!

ನನಗೆ ಹತ್ತಿರುವ ಸಂಶಯ ಇದು. ಯಮುನಾಗೆ ಏನೋ ರೋಗವಿದೆ, ನನಗೆ ಹೇಳದೆ ಖತಿಜಾಬಿಗೆ ಹೇಳಿದ್ದಾಳೆ. ಅಪ್ಪನ ನಿಯಮ ನಿನಗೆ ಗೊತ್ತಲ್ಲ: "ಮನೆಯವರ ನಾಡಿ ಹಿಡಿಯಬೇಡ. ಮಮತೆ ಇದ್ದಲ್ಲಿ ಬೆರಳು ಸುಳ್ಳು ಹೇಳುತ್ತದೆ." ಲಗ್ನವಾಗಿ ಮೂವತ್ತಾರು ವರ್ಷವಾಯಿತು, ನಾನು ಒಮ್ಮೆಯೂ ಆಕೆಯ ನಾಡಿ ಹಿಡಿದಿಲ್ಲ. ವಿಷಮಜ್ವರ ಬಂದು ಇಪ್ಪತ್ತು ದಿನ ಮಲಗಿದಾಗಲೂ ಕಿತ್ತೂರಿನಿಂದ ವೈದ್ಯ ಬಸಯ್ಯನವರನ್ನು ಕರೆಸಿದೆ. ಬಸಯ್ಯನವರು ತೀರಿಕೊಂಡು ಮೂರು ವರ್ಷವಾಯಿತು. ಅವರಿಲ್ಲವೆಂದು ಆಕೆ ಪಲ್ಲೆ ಮಾರುವವಳ ಹತ್ತಿರ ಹೋಗುವುದೇ? ನನ್ನನ್ನು ಒಂದು ಮಾತು ಕೇಳಬಾರದೇ?

ನನ್ನ ಪ್ರಕೃತಿ ಠೀಕಾಗಿದೆ. ಈ ವರ್ಷ ಕಾರ್ತಿಕ ಬಂದರೂ ಸೆಕೆ ಹೋಗಿಲ್ಲ, ಕೊಡದಷ್ಟು ನೀರು ಕುಡಿಯುತ್ತೇನೆ. ಬೆರಳಿಗೆ ಒಂದು ಬೊಬ್ಬೆ ಎದ್ದಿದೆ, ಕಷಾಯದ ಪಾತ್ರೆ ಯಾವಾಗ ತಾಗಿತೋ ನೆನಪಿಲ್ಲ. ನಿನ್ನ ಪುಡಿ ನಾನು ಕೊಳ್ಳುವುದಿಲ್ಲ. ಬೇಕಾದರೆ ನನ್ನ ಎಣ್ಣೆ ಕಳಿಸುತ್ತೇನೆ.

ನಿನ್ನ,
ರಘೋತ್ತಮ


॥ ಶ್ರೀ ॥
ಬೈಲಹೊಂಗಲ
ತಾ. 19-12-1953

ಪ್ರಿಯ ಬಾಳೂ,

ನಿನ್ನ ಕಾರ್ಡು ಮುಟ್ಟಿತು. ನಾಲ್ಕು ಸಾಲಿನಲ್ಲಿ ಬೈದಿದ್ದೀ, ಅದೂ ಪೋಸ್ಟಮಾಸ್ತರ ಓದುವ ಹಾಗೆ ಕಾರ್ಡಿನ ಮೇಲೆ. "ಸಂಶಯ ಬಿಟ್ಟು ಹೆಂಡತಿಯನ್ನೇ ಕೇಳು ಮಾರಾಯ" ಅಂದಿದ್ದೀ. ಬರೆಯುವುದು ಹಗುರ. ನಾನು ಕೇಳಲಿಲ್ಲ. ಕೇಳುವ ಬದಲು ಏನು ಮಾಡಿದೆ ಅಂತ ಹೇಳುತ್ತೇನೆ, ನಗಬೇಡ.

ಮೊನ್ನೆ ಸಂತೆಯ ದಿನ ಯಮುನಾ ಚೀಲ ಹಿಡಿದು ಹೊರಟ ಮೇಲೆ ನಾನು ಹಿತ್ತಲ ಬಾಗಿಲಿನಿಂದ ಹೊರಟೆ. ಹಿಂದಿನ ಓಣಿಯಿಂದ ಸುತ್ತಿ ಬಂದು ಕಬ್ಬಿನ ಚಕ್ಕಡಿಯೊಂದರ ಮರೆಗೆ ನಿಂತೆ. ಐವತ್ತೆಂಟು ವಯಸ್ಸಿನ ಪಂಡಿತ, ಹೆಗಲ ಮೇಲೆ ಶಲ್ಯ, ಚಕ್ಕಡಿಯ ಮರೆಗೆ! ಎತ್ತು ನನ್ನ ಧೋತರದ ಚುಂಗು ಅಗಿಯಲು ಬಂತು, ಆದರೂ ಕದಲಲಿಲ್ಲ.

ಅಲ್ಲಿಂದ ನೋಡಿದೆ. ನಿನ್ನ ವೈನಿ ಖತಿಜಾಬಿಯ ಗೋಣಿಚೀಲದ ಮೇಲೆ ಕೂತಿದ್ದಳು. ಮಡಿ ಮೈಲಿಗೆ ಅಂತ ನೆರೆಮನೆಯ ಜಗಲಿಯ ಮೇಲೂ ಕೂಡದ ಯಮುನಾ! ಪಲ್ಲೆ ಕೊಳ್ಳುವವರು ಬಂದರೆ ತಾನೇ ಕಟ್ಟು ಎತ್ತಿ ಕೊಡುತ್ತಿದ್ದಳು. ಏನೋ ಹೇಳುತ್ತಿದ್ದಳು, ಹೇಳುತ್ತಲೇ ಇದ್ದಳು. ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡುವವಳು. ಖತಿಜಾಬಿ ಆಕೆಯ ಎಡಗೈ ಮಣಿಕಟ್ಟನ್ನು ಹಿಡಿದುಕೊಂಡು ಕೇಳುತ್ತಿದ್ದಳು. ಔಷಧಕ್ಕಲ್ಲ, ಹಾಗೆಯೇ ಅಕ್ಕತಂಗಿಯರು ಹಿಡಿದುಕೊಳ್ಳುತ್ತಾರಲ್ಲ ಹಾಗೆ. ನಡುವೆ ಖತಿಜಾಬಿ ಏನೋ ಅಂದಳು, ಯಮುನಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಾಳೂ, ಆ ನಗೆ ನಾನು ಎಷ್ಟೋ ವರ್ಷದಿಂದ ಕೇಳಿಲ್ಲ. ಅದು ಇನ್ನೂ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೈಯೆಲ್ಲ ಉರಿಯಿತು.

ಯಮುನಾ ಎದ್ದು ಹೋದ ಕೂಡಲೇ ನಾನು ನೆಟ್ಟಗೆ ಹೋಗಿ ಬುಟ್ಟಿಗಳ ಮುಂದೆ ನಿಂತೆ.

"ಬರ್ರಿ ಪಂಡಿತರ, ಕುಂಡರ್ರಿ," ಅಂತ ಖತಿಜಾಬಿ ಚೀಲದ ತುದಿ ಝಾಡಿಸಿದಳು.

"ಕುಂಡ್ರಲಿಕ್ಕೆ ಬಂದಿಲ್ಲ. ನಮ್ಮ ಮನಿಯಾಕಿಗೆ ಏನ್ ಔಷಧ ಕೊಡ್ಲಿಕ್ಕೆ ಹತ್ತೀದಿ? ಏನ್ ರೋಗ ಅದ ಆಕಿಗೆ?"

"ಬಾಯಾರಿಗೆ ಏನೂ ರೋಗ ಇಲ್ರಿ. ಗಟ್ಟಿ ಅದಾರ."

"ಮತ್ತ ಪುಡಿ ಯಾರಿಗೆ?"

"ಅದನ್ನ ಮನ್ಯಾಗ ಕೇಳ್ರಿ. ನಾ ಮಾತು ಕೊಟ್ಟೇನಿ, ಹೇಳಂಗಿಲ್ಲ." ಅಷ್ಟು ಹೇಳಿ ಆಕೆ ನನ್ನ ಕಾಲಿನ ಕಡೆ ನೋಡಿದಳು. ನೋಡಿಯೇ ಇದ್ದಳು. "ಪಂಡಿತರ, ನಿಮ್ಮ ಎಡಗಾಲ ಚಪ್ಪಲಿ ಎಲ್ಲೈತ್ರಿ?"

ಕೆಳಗೆ ನೋಡಿದರೆ ಚಪ್ಪಲಿ ಬಲಗಾಲಿನಲ್ಲಿ ಮಾತ್ರ ಇತ್ತು. ಎಡಗಾಲು ಬರಿಗಾಲು. ಹಿಂದಿನ ಓಣಿಯಲ್ಲೆಲ್ಲೋ ಕಳಚಿಬಿದ್ದಿರಬೇಕು. ಹಿಮ್ಮಡಿಯಲ್ಲಿ ಒಂದು ಜಾಲಿಮುಳ್ಳು ಮುರಿದು ಕೂತಿತ್ತು, ಸುತ್ತ ರಕ್ತ. ಆಕೆ ಕೇಳದೆಯೇ ಕಾಲು ಎಳೆದುಕೊಂಡು ಚಿಮ್ಮಟದಿಂದ ಮುಳ್ಳು ತೆಗೆದಳು. ಹೆಬ್ಬೆರಳಿನ ಅರ್ಧದಷ್ಟಿತ್ತು. "ನೋವಾತೇನ್ರಿ?" ಅಂದಳು. "ಇಲ್ಲ," ಅಂದೆ. ಆಕೆ "ಹೂಂ" ಅಂದಳು, ಅಷ್ಟೇ. ನೀಲಿ ಅರಿವೆಯ ಒಂದು ಚೂರು ಹರಿದು ಕಟ್ಟಿದಳು. ಸಿಟ್ಟಿನ ಭರದಲ್ಲಿ ಮನುಷ್ಯನಿಗೆ ನೋವು ತಿಳಿಯುವುದಿಲ್ಲ, ಅದಕ್ಕೆ ಇಷ್ಟೇಕೆ ನೋಡಬೇಕು?

ಊರೆಲ್ಲ ನೋಡುವ ಹಾಗೆ ಖತಿಜಾಬಿಯ ಅರಿವೆ ಕಾಲಿಗೆ ಕಟ್ಟಿಕೊಂಡು ಮನೆಗೆ ಬಂದೆ. ಯಮುನಾ ಅದನ್ನು ನೋಡಿದಳು. ಮುಖ ಬಿಳಿಚಿತು. ಒಳಗೆ ಹೋಗಿ ಬಿಸಿನೀರು ತಂದು ಕಾಲು ತೊಳೆದಳು, ಬೆರಳಿನ ಸಂದು ಸಂದು ಬಿಡಿಸಿ ನೋಡಿದಳು. ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಈಗ ಹತ್ತು ಮಾತು ಇದ್ದದ್ದು ಐದಕ್ಕೆ ಇಳಿದಿದೆ.

ನೀನು ಕೇಳು ಕೇಳು ಅನ್ನುತ್ತೀ. ಕೇಳಿದರೆ ಏನು ಹೇಳುತ್ತಾಳೋ ಎಂಬ ಹೆದರಿಕೆ, ಬಾಳೂ. ಖತಿಜಾಬಿ "ರೋಗ ಇಲ್ಲ" ಅಂದದ್ದು ಸುಳ್ಳಿರಬಹುದು. ಎದೆಯಲ್ಲಿ ಗಂಟೋ, ಗರ್ಭಕೋಶದ ಬೇನೆಯೋ, ಹೆಂಗಸರು ಹೆಂಗಸರಿಗೇ ಹೇಳುವಂಥದ್ದು ಏನಾದರೂ ಇದ್ದರೆ? ಅದಕ್ಕಿಂತ ಹೆಚ್ಚಿನ ಹೆದರಿಕೆ ಇನ್ನೊಂದಿದೆ. "ನಿಮಗ ಯಾಕ ಹೇಳಬೇಕು?" ಅಂದುಬಿಟ್ಟರೆ ನಾನು ಏನು ಉತ್ತರ ಕೊಡಲಿ?

ನಿನ್ನ ಮೊಣಕಾಲಿಗೆ ಎಣ್ಣೆಯ ಸೀಸೆಯನ್ನು ನಿಮ್ಮೂರಿಗೆ ಹೋಗಿಬರುವ ಪರಪ್ಪ ಮಾಸ್ತರರ ಕೈಯಲ್ಲಿ ಕಳಿಸಿದ್ದೇನೆ. ಹಚ್ಚಿ ತಿಕ್ಕು.

ನಿನ್ನ,
ರಘೋತ್ತಮ


॥ ಶ್ರೀ ॥
ಬೈಲಹೊಂಗಲ
ತಾ. 23-1-1954

ಪ್ರಿಯ ಮಿತ್ರ ಬಾಳಕೃಷ್ಣನಿಗೆ,

ಸಂಕ್ರಮಣದ ಶುಭಾಶಯಗಳು ತಡವಾಗಿ. ಪ್ರತಿ ವರ್ಷ ಸಕ್ಕರೆಯ ಕುಸುರೆಳ್ಳು ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದೆ, ಈ ವರ್ಷ ಹಾಕಿಲ್ಲ. ಕಾರಣ ಆ ಕುಸುರೆಳ್ಳಿನಿಂದಲೇ ಸುರುವಾಯಿತು.

ಹಬ್ಬದ ದಿನ ನಿನ್ನ ವೈನಿ ಊರಿಗೆಲ್ಲ ಎಳ್ಳು ಬೀರಿ ಬಂದಳು. ನೇಸರಗಿಯಿಂದ ಬಂದಿದ್ದ ಭರಮಪ್ಪನ ಮೊಮ್ಮಕ್ಕಳಿಗೂ ಮುಷ್ಟಿ ಮುಷ್ಟಿ. ನನ್ನ ಕೈಗೆ ನಾಲ್ಕು ಕಾಳು. ಎಣಿಸಿ ನಾಲ್ಕು. ಇಷ್ಟು ದಿನ ಹಿಡಿದಿಟ್ಟದ್ದು ಬಾಯಿಗೆ ಬಂತು. "ಆ ಖತಿಜಾಬಿ ಹೇಳ್ಯಾಳೇನು, ಗಂಡಗ ಸಿಹಿ ಕೊಡಬ್ಯಾಡ ಅಂತ?" ಎಂದು ಕೂಗಿದೆ. ಕುಚೇಷ್ಟೆಗೆ ಅಂದ ಮಾತು.

"ಹೌದು, ಆಕೀನ ಹೇಳಿದ್ದು," ಅಂದಳು ಯಮುನಾ.

ಆಕೆ ಬುಟ್ಟಿ ಕೆಳಗಿಟ್ಟು, "ಬರ್ರಿ ಇಲ್ಲೆ," ಅಂತ ಬಚ್ಚಲಿನ ಕಡೆ ನಡೆದಳು. ಮೋರಿಯ ಮೂಲೆಯಲ್ಲಿ ಬಗ್ಗಿ ತೋರಿಸಿದಳು. ಇರುವೆ. ಗೋಡೆಯ ಬಿರುಕಿನಿಂದ ಮೋರಿಯ ತನಕ ಕಪ್ಪು ಸಾಲು, ಕಲ್ಲಿನ ಮೇಲೆ ಮುತ್ತಿಕೊಂಡಿದ್ದವು.

"ಎರಡು ವರ್ಷ ಆತು. ನೀವು ಎದ್ದು ಹೋದ ಮ್ಯಾಲೆ ಮುಂಜಾನಿ ದಿನಾ ನಾ ತೊಳೀತೀನಿ. ಇವತ್ತ ಬೇಕಂತ ತೊಳ್ದಿಲ್ಲ," ಅಂದಳು. "ಸವದತ್ತಿ ಮಲಕಾಜಪ್ಪಗ ನೀವ ಹೇಳಿದ್ರಿ, ಉಚ್ಚಿ ಹೊಯ್ದಲ್ಲಿ ಇರಿವಿ ಮುತ್ತಿದ್ರ ಅದು ಮಧುಮೇಹ ಅಂತ. ಇಪ್ಪತ್ತು ವರ್ಷದ ಹಿಂದ. ನಾ ಒಳಗ ರೊಟ್ಟಿ ಬಡೀತಿದ್ದೆ, ಕೇಳಿದ್ದೆ."

ಬಾಳೂ, ಪಡಸಾಲೆಗೂ ಅಡಿಗೆಮನೆಗೂ ನಡುವೆ ಒಂದು ಬಾಗಿಲು ಇದೆ. ಮೂವತ್ತೈದು ವರ್ಷ ಆ ಬಾಗಿಲಿನ ಹಿಂದೆ ಕೂತು ಆಕೆ ನಾನು ರೋಗಿಗಳಿಗೆ ಹೇಳಿದ್ದನ್ನೆಲ್ಲ ಕೇಳಿದ್ದಾಳೆ. ನಾನು ಕೊಡದಷ್ಟು ನೀರು ಕುಡಿಯುವುದು, ರಾತ್ರಿ ಬಚ್ಚಲಿಗೆ ಎದ್ದೆದ್ದು ಹೋಗುವುದು, ಚಪ್ಪಲಿ ಕಳಚಿದ್ದು ತಿಳಿಯದೆ ನಡೆಯುವುದು, ಎಲ್ಲವನ್ನೂ ಕೂಡಿಸಿ ನೋಡಿದ್ದಾಳೆ. ಮೂರು ಬೆರಳು ಹಿಡಿದು ಐದು ಊರಿನ ರೋಗ ಹೇಳುವವನು ನನ್ನ ಬಚ್ಚಲು ನೋಡಿಕೊಳ್ಳಲಿಲ್ಲ.

"ನನಗ್ಯಾಕ ಹೇಳಲಿಲ್ಲ?" ಅಂದೆ.

"ಹೇಳಿದ್ರ ನೀವು ನಂಬ್ತಿದ್ರೇನು? ಸೆಕಿ ಅಂತಿದ್ರಿ. ಮತ್ತ ಪಂಡಿತರಿಗೇ ಇಂಥಾ ರೋಗ ಅಂತ ಊರಾಗ ಗೊತ್ತಾದ್ರ ನಿಮ್ಮ ಕಟ್ಟಿಗೆ ಯಾರು ಬರ್ತಾರ? ಅದಕ್ಕ ಬ್ಯಾರೆ ಯಾರಿಗೂ ಹೇಳಲಿಲ್ಲ. ಖತಿಜಾಬಿ ಅಲ್ಲಾನ ಮ್ಯಾಲೆ ಆಣಿ ಮಾಡಿ ಮಾತು ಕೊಟ್ಟಳು. ಆಕೀನ ಹೇಳಿದಳು, ದಿನಾ ಮೆಂತೆ ಹೊಟ್ಟಿಗೆ ಹೋಗೂಹಂಗ ಮಾಡ್ರಿ, ಸಿಹಿ ಬಿಡಸ್ರಿ, ಕಾಲು ನೋಡಕೋತ ಇರ್ರಿ. ಮೆಂತೆ ಒಂದರ ಮ್ಯಾಲೆ ಕುಂಡ್ರಬ್ಯಾಡ್ರಿ, ದೊಡ್ಡ ಡಾಕ್ಟರಿಗೆ ತೋರಸ್ರಿ ಅಂತ ಪ್ರತಿ ಸಂತಿಗೆ ಜಗಳ ತಗೀತಿದ್ದಳು ನನ್ನ ಕೂಡ."

ಆ ಗಂಟು, ಆ ಮೆಂತೆ ಹಿಟ್ಟು, ಆ ಅರ್ಧ ಹೋಳಿಗೆ ಎಲ್ಲವೂ ನನಗೆ. ಆಕೆ ರೋಗಿಯಲ್ಲ, ನಾನು. ಎರಡು ತಿಂಗಳು ನಾನು ಕಟ್ಟೆಯ ಮೇಲೆ ಕೂತು ಖತಿಜಾಬಿಯ ರೋಗಿಗಳನ್ನು ಎಣಿಸಿದೆ, ನನ್ನನ್ನು ಎಣಿಸಿರಲಿಲ್ಲ.

ಮರುದಿನವೇ ಮೋಟಾರು ಹತ್ತಿ ಬೆಳಗಾವಿಗೆ ಹೋದೆವು, ಇಬ್ಬರೂ. ಅಲ್ಲಿನ ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ನೀರಿನೊಂದಿಗೆ ನನ್ನ ಮೂತ್ರ ಕಾಸಿದರು. ನೋಡುನೋಡುತ್ತ ಅದು ಇಟ್ಟಂಗಿಯ ಬಣ್ಣಕ್ಕೆ ಬಂತು, ಮೂತ್ರದಲ್ಲಿ ಸಕ್ಕರೆ ಬಹಳ ಇದ್ದರೆ ಹಾಗಾಗುತ್ತದಂತೆ. ಇನ್ನು ಸಕ್ಕರೆ, ಬೆಲ್ಲ ಪೂರ್ತಿ ಬಂದ್, ಅನ್ನ ಸ್ವಲ್ಪ. ಎರಡು ತಿಂಗಳು ನೋಡಿ ಸೂಜಿ ಬೇಕೋ ಬೇಡವೋ ಹೇಳುತ್ತಾರಂತೆ. ನಿನ್ನ ವೈನಿ ಮೆಂತೆಯ ಮಾತು ತೆಗೆದಳು. "ಒಳ್ಳೆಯದೇ, ಕೊಡುತ್ತಿರಿ. ಆದರೆ ಅದೊಂದನ್ನೇ ನಂಬಬೇಡಿ," ಅಂದರು. ಪಲ್ಲೆ ಮಾರುವವಳು ಅಂದದ್ದನ್ನೇ ಅವರೂ ಅಂದರು. ಆ ಮಾತಿಗೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ನನ್ನ ಎಲ್ಲ ರೋಗಿಗಳು ಆಕೆಯ ಹತ್ತಿರ ಹೋದರು ಅಂತ ಅಳುತ್ತಿದ್ದೆ. ಕೊನೆಗೆ ನನ್ನ ರೋಗವೂ ನನ್ನನ್ನು ಬಿಟ್ಟು ಆಕೆಯ ಹತ್ತಿರವೇ ಹೋಗಿತ್ತು.

ನಿನ್ನೆ ಸಂತೆ. ಹೋಗಿ ಬುಟ್ಟಿಗಳ ಮುಂದೆ ನಿಂತೆ, ಈ ಸಲ ಎರಡೂ ಚಪ್ಪಲಿ ಇದ್ದವು. "ಒಂದು ಶೇರು ಪುಡಿ ಕೊಡವಾ, ರಾಮದುರ್ಗದಾಗ ನಮ್ಮ ಗೆಳೆಯ ಒಬ್ಬ ಅದಾನ, ಮೊಣಕಾಲ ನೋವು," ಅಂದೆ. ಆಕೆ ನಗಲಿಲ್ಲ, ಅದಕ್ಕೆ ಆಕೆಯ ಉಪಕಾರ ನೆನೆಯಬೇಕು. ಪುಡಿಯನ್ನು ಈ ಪತ್ರದ ಜೊತೆಗೆ ಪರಪ್ಪ ಮಾಸ್ತರರೇ ತರುತ್ತಾರೆ. ಒಂದು ಚಹಾ ಚಮಚೆಯಷ್ಟು ರಾತ್ರಿ ನೀರಲ್ಲಿ ಹಾಕಿಟ್ಟು, ಮುಂಜಾನೆ ಬರಿ ಹೊಟ್ಟೆಯಲ್ಲಿ ಕುಡಿ. ಮೊದಲ ವಾರ ಅರ್ಧ ಚಮಚೆಯಿಂದ ಸುರು ಮಾಡು, ಇಲ್ಲದಿದ್ದರೆ ಹೊಟ್ಟೆ ಸಡಿಲಾಗುತ್ತದೆ. ಇದು ಆಕೆ ಹೇಳಿದ್ದು, ನಾನಲ್ಲ. ಬೇಕಾದರೆ ನನ್ನ ಎಣ್ಣೆಯನ್ನೂ ಹಚ್ಚಿಕೊ, ಪೂರ್ತಿ ಆಕೆಗೇ ಬಿಟ್ಟುಕೊಡಬೇಡ.

ಇನ್ನೊಂದು ಸಮಾಚಾರ. ನಾನು ನಾಡಿ ಹಿಡಿಯುವುದನ್ನು ಬಿಟ್ಟಿದ್ದೇನೆ. ವಯಸ್ಸಾಯಿತು, ಇಪ್ಪತ್ತು ಉಸಿರು ಕಣ್ಣು ಮುಚ್ಚಿ ಕೂತರೆ ನಿದ್ದೆ ಬರುತ್ತದೆ. ನಿನ್ನೆ ಭರಮಪ್ಪ ಬಂದು ರೂಢಿಯಂತೆ ಬಲಗೈ ಚಾಚಿದ. "ಕೈ ಇರಲಿ, ನಿನ್ನಿ ಏನ್ ಉಂಡಿ, ಹೇಳು," ಅಂದೆ. ಆತ ಗಾಬರಿಯಾಗಿ ಬೇವಿನ ಗಿಡದ ಕಡೆ ನೋಡಿ, ನನ್ನ ಕಡೆ ನೋಡಿ, ಆಮೇಲೆ ಹೇಳಲು ಸುರು ಮಾಡಿದ. ಅರ್ಧ ತಾಸು ಹೇಳಿದ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

ಗಂಗೂಬಾಯಿ ವೈನಿಗೆ ನಮಸ್ಕಾರ. ಮೊಮ್ಮಕ್ಕಳಿಗೆ ನನ್ನ ಅನೇಕ ಆಶೀರ್ವಾದ, ಆಯುಷ್ಯ ಗಟ್ಟಿಯಾಗಿರಲಿ, ಎಲ್ಲ ಸಿಹಿಯೂ ಅವರಿಗೆ ಜೀರ್ಣವಾಗಲಿ. ನಿನ್ನ ಕಾಲು ನೆಟ್ಟಗಾದರೆ ಯುಗಾದಿಗೆ ಇತ್ತ ಬಂದು ಹೋಗು.

ನಿನ್ನ,
ರಘೋತ್ತಮ

ತಾ.ಕ.: ಪತ್ರ ಮುಚ್ಚಿದ್ದೆ, ಮತ್ತೆ ತೆರೆದೆ. ನಾಡಿ ಬಿಟ್ಟದ್ದಕ್ಕೆ ಕೊಟ್ಟ ಕಾರಣ ಸುಳ್ಳು. ಇದನ್ನು ನೀನೊಬ್ಬನೇ ಓದು, ಗಂಗೂಬಾಯಿ ವೈನಿಗೂ ಹೇಳಬೇಡ.

ಸಂಕ್ರಮಣದ ದಿನ ಬಚ್ಚಲಿನಿಂದ ಬಂದ ಮೇಲೆ ನಾನು ಅಪ್ಪನ ನಿಯಮ ಮುರಿದೆ. "ಯಮುನಾ, ಕೈ ಕೊಡು, ನಾಡಿ ನೋಡ್ತೀನಿ," ಅಂದೆ. ಆಕೆ ನಂಬಲಿಲ್ಲ. ಆಮೇಲೆ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಬಳೆ ಮೇಲೆ ಸರಿಸಿ ಎಡಗೈ ನೀಡಿದಳು. ಮೂರು ಬೆರಳು ಇಟ್ಟೆ. ಕಣ್ಣು ಮುಚ್ಚಿದೆ. ಏನೂ ಇಲ್ಲ, ಬಾಳೂ. ಒತ್ತಿದೆ, ಬೆರಳು ಸರಿಸಿದೆ. ಏನೂ ಇಲ್ಲ. ಕಟ್ಟಿಗೆಯ ಮೇಲೆ ಕೈ ಇಟ್ಟ ಹಾಗೆ. ಒಂದೂವರೆ ವರ್ಷದಿಂದ ಹೀಗೆಯೇ ಇದೆ. ಜನರ ನಾಡಿ ಸಣ್ಣದಾಗಿಲ್ಲ, ನನ್ನ ಬೆರಳು ಸತ್ತಿವೆ. ಇಷ್ಟು ದಿನ ಮುಖ ನೋಡಿ ಅಂದಾಜಿನಿಂದ ಔಷಧ ಕೊಟ್ಟೆ. ಖತಿಜಾಬಿ ಮುಳ್ಳು ತೆಗೆದ ದಿನವೇ ಆಕೆಗೆ ಇದು ಗೊತ್ತಾಗಿರಬೇಕು. ಬೆಳಗಾವಿಯ ಡಾಕ್ಟರು ನನ್ನ ಬೆರಳ ತುದಿಗಳಿಗೆ ಟಾಚಣಿ ಚುಚ್ಚಿ ನೋಡಿ, ಸತ್ತದ್ದು ತಿರುಗಿ ಬರುವುದು ಕಷ್ಟ ಅಂದರು. ಯಮುನಾ ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಹಬ್ಬದ ಆ ದಿನ ನಾನು ಕಣ್ಣು ತೆರೆದಾಗ "ಹೆಂಗದರೀ?" ಅಂದಳು ಯಮುನಾ. "ಭೇಷ್ ಅದ," ಅಂದೆ. ಆಕೆಯ ಕಣ್ಣು ತುಂಬಿ ಬಂದವು. "ಅಂತೂ ಮೂವತ್ತಾರು ವರ್ಷಕ್ಕ ಒಮ್ಮೆ ಕೇಳಿದ್ರಲ್ಲ," ಅಂತ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಂತೆಯಲ್ಲಿ ಕೇಳಿದ್ದೆನಲ್ಲ, ಅದೇ ನಗೆ. ಬೆರಳು ಸುಳ್ಳು ಹೇಳುತ್ತದೆ ಅಂತ ಅಪ್ಪ ಅಂದಿದ್ದರು. ಬೆರಳು ಏನೂ ಹೇಳಲಿಲ್ಲ, ಸುಳ್ಳು ಹೇಳಿದವನು ನಾನು.

ಆ ಪಲ್ಲೆ ಮಾರುವವಳು ಪ್ರತಿ ಸಂತೆಗೆ ಆಕೆಯ ಮಣಿಕಟ್ಟು ಹಿಡಿದುಕೊಂಡು ಕೂಡುತ್ತಾಳೆ. ನನ್ನ ಹೆಂಡತಿಯ ನಾಡಿ ಹೇಗೆ ಬಡಿಯುತ್ತದೆ ಅಂತ ಖತಿಜಾಬಿಗೆ ಗೊತ್ತು. ನನಗೆ ಇನ್ನು ಗೊತ್ತಾಗುವುದಿಲ್ಲ.